ಕಪ್ಪುಕುಳಿಯ ಎರಡನೆಯ ದನಿ

2022ರಲ್ಲಿ ನಾನು ಹಿರೇಕೆರೂರು ತಾಲೂಕಿನ ಒಂದು ಪದವಿ ಕಾಲೇಜಿನಲ್ಲಿ, ಭೌತಶಾಸ್ತ್ರ ವಿಭಾಗದ ಅಟೆಂಡರ್ ಆಗಿದ್ದೆ. ಕಾಲೇಜಿನ ಹೆಸರು ಬೇಡ. ನಿವೃತ್ತಿಗೆ ಒಂದು ವರ್ಷ ಬಾಕಿ ಇತ್ತು. ನಾನು ಓದಿದ್ದು ನಾಲ್ಕನೇ ಇಯತ್ತೆ. ಗಂಡ ಅದೇ ಕಾಲೇಜಿನಲ್ಲಿ ಜವಾನನಾಗಿದ್ದ. ಅವನು ಸತ್ತ ಮೇಲೆ ಅನುಕಂಪದ ನೌಕರಿ ನನಗೆ ಬಂತು. ಅದಕ್ಕೂ ಮೊದಲು ಅಕ್ಕಿಆಲೂರಿನ ಹತ್ತಿರದ ಹಳ್ಳಿಯಲ್ಲಿ ಅತ್ತೆಯ ಕೈಕೆಳಗೆ ದುಡಿದು, ಗಡಿಗೆಗಳನ್ನು ಸಂತೆಗೆ ಹೊರುತ್ತಿದ್ದೆ. ನಾವು ಕುಂಬಾರರು.

ಲ್ಯಾಬಿನಲ್ಲಿ ನನ್ನ ಕೆಲಸ ಇಷ್ಟೇ. ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು ತೆಗೆಯಬೇಕು, ಮೇಜು ಒರೆಸಬೇಕು, ಮಸೂರ, ತಂತಿ, ತೂಕದ ಬಟ್ಟುಗಳನ್ನು ಹುಡುಗರಿಗೆ ಕೊಟ್ಟು ಮರಳಿ ತೆಗೆದುಕೊಳ್ಳಬೇಕು, ಯುಪಿಎಸ್ ಬ್ಯಾಟರಿಗೆ ನೀರು ಹಾಕಬೇಕು. ಸಂಜೆ ಐದೂವರೆಗೆ ಮೇನ್ ಸ್ವಿಚ್ ಇಳಿಸಿ ಬೀಗ ಹಾಕಬೇಕು. ಕೊನೆಯದು ಕಡ್ಡಾಯ. ಹಿಂದೊಮ್ಮೆ ಕಚೇರಿಯಲ್ಲಿ ವೈರು ಸುಟ್ಟು ಎರಡು ಕಪಾಟು ಬೂದಿಯಾಗಿದ್ದವು. ಆಮೇಲೆ ಪ್ರಾಂಶುಪಾಲರು ಪ್ರತಿ ಬಾಗಿಲಿಗೂ ಚೀಟಿ ಅಂಟಿಸಿದರು: ಬೀಗಕ್ಕೆ ಮುಂಚೆ ಮೇನ್ ಆಫ್. ಆ ಚೀಟಿ ಹರಿದುಹೋದ ಮೇಲೂ ನಾನು, ಒಂದೇ ಒಂದು ಸಲ ಬಿಟ್ಟರೆ, ತಪ್ಪಿಸಲಿಲ್ಲ.

ವಿಭಾಗದಲ್ಲಿ ಗಿರಿಜಾ ಬಾಯಾರು ಎಂಬ ಅತಿಥಿ ಉಪನ್ಯಾಸಕಿ ಇದ್ದರು. ಪಾಠ ಹೇಳುವ ಹೆಂಗಸರನ್ನು ನಮ್ಮ ಕಡೆ ಬಾಯಾರು ಎನ್ನುತ್ತೇವೆ. ಅತಿಥಿ ಎಂದರೆ ಬಂದು ಉಂಡು ಹೋಗುವವರಲ್ಲ. ಕಾಯಂ ಮಾಸ್ತರರಷ್ಟೇ ಪಾಠ ಮಾಡಿ, ಪ್ರತಿ ವರ್ಷ ಮತ್ತೆ ಅರ್ಜಿ ಹಾಕಿ, ಪಟ್ಟಿಯಲ್ಲಿ ಹೆಸರು ಬರುತ್ತದೋ ಇಲ್ಲವೋ ಎಂದು ಕಾಯುವವರು. ಅವರದು ಸವಣೂರು. ವಯಸ್ಸು ನಲವತ್ತೊಂದು. ಗಂಡ ಬಿಟ್ಟುಹೋಗಿದ್ದ, ಒಬ್ಬ ಮಗಳು ಸವಣೂರಿನಲ್ಲಿ ಅಜ್ಜಿಯ ಹತ್ತಿರ ಓದುತ್ತಿದ್ದಳು. ವಾರವೆಲ್ಲ ಇಲ್ಲಿ ಒಂದು ಬಾಡಿಗೆ ಕೋಣೆ, ಶನಿವಾರ ಮಧ್ಯಾಹ್ನ ಹಾನಗಲ್ ಮೇಲೆ ಬಸ್ಸು ಹಿಡಿದು ಊರಿಗೆ. ಹೀಗೆ ಹನ್ನೆರಡು ವರ್ಷ. ಪಿಎಚ್‌ಡಿ ಅಥವಾ ಅರ್ಹತಾ ಪರೀಕ್ಷೆ ಇಲ್ಲದವರನ್ನು ಇನ್ನು ತೆಗೆದುಕೊಳ್ಳುವುದಿಲ್ಲ ಎಂಬ ಮಾತು ಆಗ ಬಿಗಿಯಾಗುತ್ತಿತ್ತು. ಬಾಯಾರು ಪಿಎಚ್‌ಡಿಗೆ ಹೆಸರು ಹಚ್ಚಿ ಎಷ್ಟೋ ವರ್ಷವಾಗಿತ್ತು. ಕೊಟ್ಟಿದ್ದ ಹೆಚ್ಚಿನ ಗಡುವೂ ಆ ಜೂನ್ ತಿಂಗಳಿಗೆ ಮುಗಿಯುತ್ತಿತ್ತು. ಜೂನ್ ಒಳಗೆ ಪ್ರಬಂಧ ಒಪ್ಪಿಸಿದರೆ ಕೆಲಸ ಉಂಟು. ಇಲ್ಲದಿದ್ದರೆ ಇಲ್ಲ.

ಊಟದ ಹೊತ್ತಿಗೆ ಎಲ್ಲರೂ ಸ್ಟಾಫ್ ರೂಮಿಗೆ ಹೋದರೆ ಬಾಯಾರು ಲ್ಯಾಬಿನಲ್ಲೇ ಕೂತು ಒಂದೇ ಚಿತ್ರ ಬರೆಯುತ್ತಿದ್ದರು. ಮೊದಲು ಎತ್ತರದ ಅಲೆ, ಆಮೇಲೆ ಸಣ್ಣದು, ಆಮೇಲೆ ಇನ್ನೂ ಸಣ್ಣದು. ನಾನು ಕೇಳಿಯೇಬಿಟ್ಟೆ.

“ಬಾಯಾರ, ವಾರ ಆತು, ಅದ ಬಾಲ ಬರೀತೀರಿ. ಹಾವೇನ್ರಿ ಅದು?”

“ಹಾವಲ್ಲ ನೀಲವ್ವ, ದನಿ. ಬ್ಲ್ಯಾಕ್ ಹೋಲ್ ದನಿ. ಕಪ್ಪುಕುಳಿದು.”

“ಕುಳಿಗೆ ಎಲ್ಲಿ ದನಿ?”

“ಕುಂಡ್ರಿ, ಹೇಳ್ತೇನಿ. ಈ ಕಾಲೇಜಿನಾಗ ನನ್ನ ಇದನ್ನ ಕೇಳಿದವ್ರು ನೀವೊಬ್ಬಾಕೇನ.”

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಜಾಗ ಬೇರೆ, ಹೊತ್ತು ಬೇರೆ ಎಂದು ನಾವು ತಿಳಿದಿದ್ದೇವೆ. ಬೇರೆ ಅಲ್ಲವಂತೆ. ಮಣ್ಣಿಗೆ ನೀರು ಹಾಕಿ ತುಳಿದು ಹದ ಮಾಡಿದ ಮೇಲೆ ಇದು ಮಣ್ಣು, ಇದು ನೀರು ಎಂದು ತೆಗೆದು ತೋರಿಸಲು ಬರುವುದಿಲ್ಲ. ಹಾಗೆ ಅವೆರಡೂ ಕೂಡಿದ್ದಕ್ಕೆ ದೇಶಕಾಲ ಎಂದು ಹೆಸರು. ಭಾರವಾದದ್ದು ಎಲ್ಲಿದೆಯೋ ಅಲ್ಲಿ ಈ ದೇಶಕಾಲ ಬಾಗುತ್ತದೆ. ಭೂಮಿ ಸೂರ್ಯನ ಸುತ್ತ ತಿರುಗುವುದು ಹಗ್ಗದ ಎಳೆತಕ್ಕಲ್ಲ, ಆ ಬಾಗಿನ ದಾರಿ ಹಾಗಿದೆ ಎಂದು. ಬಾಗಿನ ಈ ಲೆಕ್ಕಕ್ಕೆ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಎನ್ನುತ್ತಾರೆ. ದೊಡ್ಡ ನಕ್ಷತ್ರವೊಂದು ಉರಿದು ಮುಗಿದು ತನ್ನ ಭಾರಕ್ಕೆ ತಾನೇ ಕುಸಿದರೆ ಬಾಗು ಎಷ್ಟು ಆಳವಾಗುತ್ತದೆ ಎಂದರೆ ಒಳಗೆ ಹೋದ ಬೆಳಕು ಹೊರಗೆ ಬರುವುದಿಲ್ಲ. ಅದು ಕಪ್ಪುಕುಳಿ.

“ಜ್ವಾಳದ ಹಗೇವು ಇದ್ದಂಗನ್ರಿ?” ಎಂದೆ. ಹಗೇವು ಎಂದರೆ ಕಾಳು ತುಂಬಿಡುವ ನೆಲದ ಕುಳಿ. ಗಾಳಿಯಾಡದ ಹಗೇವಿಗೆ ಇಳಿದು ನಮ್ಮ ಕಡೆ ಜನ ಸತ್ತದ್ದುಂಟು.

“ಹಗೇವಿನಾಗಿಂದ ಹೆಣನರ ತಗೀತಾರ ನೀಲವ್ವ. ಇದರಾಗಿಂದ ಅದೂ ಬರಂಗಿಲ್ಲ.”

ಇಂಥ ಕುಳಿಗೆ ಇನ್ನೊಂದು ಕುಳಿ ಬಂದು ಬಡಿದರೆ ಎರಡೂ ಕೂಡಿ ಒಂದಾಗಿ, ಆ ಒಂದು ಸ್ವಲ್ಪ ಹೊತ್ತು ಅದುರುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಆ ಅದುರು ದೂರ ದೂರ ಹರಡಿ ಭೂಮಿಗೂ ಬಂದು ದೊಡ್ಡ ಯಂತ್ರಗಳಲ್ಲಿ ಸಿಕ್ಕಿದೆಯಂತೆ. ಕಿವಿಗೆ ಕೇಳುವ ಸಪ್ಪಳ ಅಲ್ಲ ಅದು, ಹೇಳಲು ಸುಲಭವೆಂದು ದನಿ ಎನ್ನುತ್ತಿದ್ದರು. ನನಗೆ ಒಂದು ತಿಳಿಯಲಿಲ್ಲ.

“ಮಣ್ಣಿಲ್ಲ, ಕಂಚಿಲ್ಲ. ಅದುರೂದು ಏನ್ರಿ ಅಲ್ಲಿ?”

“ಆಕಾರ. ಕುಳಿ ಸುತ್ತಲಿನ ಬಾಗು ಐತೆಲ್ಲ, ಅದ ಅದುರತೈತಿ. ಗಡಿಗಿ ಇಲ್ಲದ ಗಡಿಗಿ ಆಕಾರ ಅನ್ರಿ.”

ಆಮೇಲೆ ನನಗೆ ಹೇಳಿಕೊಡಬೇಕಾದದ್ದು ಕಡಿಮೆ. ಗಡಿಗೆ ಬಡಿದು ನೋಡುವುದು ನನ್ನ ಹುಟ್ಟು ಕೆಲಸ. ಬೆರಳ ಗೆಣ್ಣಿನಿಂದ ತಟ್ಟಿದರೆ ದೊಡ್ಡ ಗಡಿಗೆಯ ದನಿ ತಗ್ಗು, ಸಣ್ಣದರ ದನಿ ಎತ್ತರ. ಚೆನ್ನಾಗಿ ಬೆಂದದ್ದು ತುಸು ಹೊತ್ತು ನಿಲ್ಲುತ್ತದೆ, ಅರ್ಧ ಬೆಂದದ್ದು ಬೊದ್ ಎಂದು ಅಲ್ಲೇ ಸಾಯುತ್ತದೆ. ಕಪ್ಪುಕುಳಿಯದೂ ಹೀಗೆಯೇ ಎಂದರು. ದನಿಯ ಎತ್ತರ ಎಷ್ಟು, ಎಷ್ಟು ಬೇಗ ಸಾಯುತ್ತದೆ, ಇವೆರಡು ಸಿಕ್ಕರೆ ಅದರ ಭಾರ ಎಷ್ಟು, ಎಷ್ಟು ಜೋರಾಗಿ ತಿರುಗುತ್ತಿದೆ ಎಂಬುದು ಗೊತ್ತಾಗುತ್ತದೆ. ಅದರಾಚೆ ತಿಳಿಯಲು ಏನೂ ಉಳಿದಿರುವುದಿಲ್ಲ. ಯಾವ ನಕ್ಷತ್ರ ಸತ್ತು ಅದಾಯಿತು ಎಂಬ ಗುರುತು ಸಹ ಅಳಿಸಿಹೋಗಿರುತ್ತದೆ.

ಬಾಯಾರ ಕೆಲಸ ತಿರುಗುವ ಒಂದು ಕಪ್ಪುಕುಳಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕವಾಗಿ ಕಟ್ಟಿ, ಲೆಕ್ಕದಲ್ಲೇ ಬಡಿದು, ದನಿ ಹೇಗೆ ಇಳಿಯುತ್ತದೆ ಎಂದು ನೋಡುವುದು. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಲ್ಯಾಬಿನ ಹಳೆಯ ಮಷೀನಿನಲ್ಲೇ ಮಾಡುತ್ತಿದ್ದರು. ಒಂದು ಸಲ ಲೆಕ್ಕ ಹಚ್ಚಿದರೆ ಮುಗಿಯಲು ಮೂರು ದಿನ ಬೇಕಿತ್ತು, ನಡುವೆ ನಿಂತರೆ ಮತ್ತೆ ಮೊದಲಿನಿಂದ. ಹಿಂದಿನ ವರ್ಷ ಒಂದು ಸಂಜೆ ಬಾಗಿಲಲ್ಲಿ ನಿಂತು ಕೇಳಿದ್ದರು.

“ನೀಲವ್ವ, ಎರಡು ದಿನ ಮೇನ್ ಇಳಸಬ್ಯಾಡ್ರಿ. ಲೆಕ್ಕ ಓಡಾಕತ್ತೈತಿ.”

“ಆಗಂಗಿಲ್ರಿ.”

“ಬೆಂಕಿ ಬಿದ್ರ ನಾ ಜವಾಬ್ದಾರಿ.”

“ಬೆಂಕಿ ಬಿದ್ರ ಮೆಮೊ ನನಗ ಬರತೈತಿ ಬಾಯಾರ, ನಿಮಗಲ್ಲ. ಬೇಕಾದ್ರ ಪ್ರಿನ್ಸಿಪಾಲರ ಸಹಿ ತರ್ರಿ.”

ಅತಿಥಿ ಉಪನ್ಯಾಸಕಿ ಪ್ರಾಂಶುಪಾಲರ ಹತ್ತಿರ ಏನಾದರೂ ಬೇಡಿದರೆ ಮುಂದಿನ ವರ್ಷದ ಪಟ್ಟಿಯ ಹೊತ್ತಿಗೆ ಅದು ನೆನಪಿಗೆ ಬರುತ್ತದೆ ಎಂದು ಅವರಿಗೆ ಅಂಜಿಕೆ. ಸಹಿಗೆ ಹೋಗಲಿಲ್ಲ. ನಾನು ಖಟಕ್ ಎಂದು ಸ್ವಿಚ್ ಇಳಿಸಿದೆ. ಆಮೇಲೆ ಅವರು ಲೆಕ್ಕವನ್ನೇ ಸಣ್ಣದು ಮಾಡಿಕೊಂಡರು. ಹತ್ತಕ್ಕೆ ಹಚ್ಚಿದರೆ ಐದರೊಳಗೆ ಮುಗಿಯುವಂತೆ. ಹೇಗೆ ಸಣ್ಣದು ಮಾಡಿದರು ಎಂದು ನಾನು ಕೇಳಲಿಲ್ಲ.

2022ರ ಫೆಬ್ರವರಿಯಲ್ಲಿ ಅವರಿಗೆ ಎರಡನೆಯ ದನಿ ಸಿಕ್ಕಿತು. ಕಪ್ಪುಕುಳಿ ಅದುರಿ ಸುಮ್ಮನಾದ ಮೇಲೆ, ಸ್ವಲ್ಪ ಹೊತ್ತು ಬಿಟ್ಟು, ಸಣ್ಣದೊಂದು ಅಲೆ ಮತ್ತೆ ಏಳುತ್ತಿತ್ತು. ಅದು ಇರಬಾರದು. ಕಪ್ಪುಕುಳಿ ಬಂದದ್ದನ್ನೆಲ್ಲ ನುಂಗುತ್ತದೆ, ತಿರುಗಿ ಕಳಿಸುವುದಿಲ್ಲ. ತಿರುಗಿ ಬಂದರೆ ಕುಳಿಯ ಅಂಚಿನಲ್ಲಿ ಏನೋ ಗಟ್ಟಿಯಾದದ್ದು ಇದೆ ಎಂದಾಯಿತು. ಹಾಗೇನಾದರೂ ಇದ್ದರೆ ದೊಡ್ಡ ಸುದ್ದಿ. ಯೂನಿವರ್ಸಿಟಿಯ ಅವರ ಗೈಡ್, ಅಂದರೆ ಸಂಶೋಧನೆಗೆ ದಾರಿ ತೋರಿಸುವ ಪ್ರೊಫೆಸರ್, ಫೋನಿನಲ್ಲಿ ಕೂಗಾಡಿದ್ದು ನನಗೂ ಕೇಳಿಸಿತು. ಅಷ್ಟು ವರ್ಷದಲ್ಲಿ ಮೊದಲ ಸಲ ಅವರು ಬಾಯಾರನ್ನು ಡಾಕ್ಟರ್ ಎಂದು ಕರೆದರು. ಸೋಮವಾರ ಬಾಯಾರು ಸವಣೂರು ಖಾರ ಎಂಬ ಕುರುಕಲು ತಿಂಡಿಯ ದೊಡ್ಡ ಪೊಟ್ಟಣ ತಂದು ವಿಭಾಗಕ್ಕೆಲ್ಲ ಹಂಚಿದರು. ಕಾಯಂ ಮಾಸ್ತರರು ಖಾರ ತಿಂದು, “ಏನ್ರಿ ಮೇಡಂ, ಮಗಳ ಮದವಿ ಏನು?” ಎಂದು ಕೇಳಿ ಕೈ ಒರೆಸಿಕೊಂಡು ಹೋದರು.

ಪ್ರಬಂಧ ಸಿದ್ಧವಾಯಿತು. ಐದು ಅಧ್ಯಾಯ, ಅದರಲ್ಲಿ ಎರಡು ಈ ಎರಡನೆಯ ದನಿಯ ಮೇಲೆ. ಮೇ ತಿಂಗಳ ಒಂದು ಮಧ್ಯಾಹ್ನ ಪ್ರಿಂಟ್ ತೆಗೆದ ಹಾಳೆಗಳನ್ನು ಜೋಡಿಸಲು ನನ್ನನ್ನು ಕೂಡಿಸಿಕೊಂಡರು. ಆ ಚಿತ್ರ ಕಂಡಿತು.

“ಇದ ಏನ್ರಿ ನಿಮ್ಮ ಎರಡನೇದು?”

“ಇದ ನೋಡ್ರಿ. ಇದರ ಮ್ಯಾಲೆ ನನ್ನ ಹೊಟ್ಟಿ ನಿಂತೈತಿ.”

ನಾನು ನೋಡಿದೆ. ಕೇಳಬಾರದಿತ್ತೋ ಏನೋ, ಕೇಳಿದೆ.

“ಇದನ್ನ ಎಲ್ಲೆ ಕುಂತು ಬಡದ್ರಿ?”

“ಎಲ್ಲೆ ಅಂದ್ರ?”

ನನ್ನ ಕಥೆ ಹೇಳಿದೆ. ಮದುವೆಯಾದ ಹೊಸದರಲ್ಲಿ ಮಳೆ ಬಂತೆಂದು ಆವಿಗೆಯಲ್ಲಿ ಸುಟ್ಟು ತೆಗೆದ ಗಡಿಗೆಗಳನ್ನೆಲ್ಲ ತಗಡಿನ ಕೊಟ್ಟಿಗೆಯೊಳಗೆ ಇಟ್ಟು ಅಲ್ಲೇ ಬಡಿದು ನೋಡಿದೆ. ಪ್ರತಿಯೊಂದೂ ತಟ್ಟಿದ ಮೇಲೆ ಹಿಂದಿನಿಂದ ಜರ್ ಎನ್ನುತ್ತಿತ್ತು. ಬಿರುಕು ಬಿಟ್ಟದ್ದೇ ಹಾಗೆ ಎನ್ನುತ್ತದೆ. ಇಪ್ಪತ್ತರ ಮೇಲೆ ಗಡಿಗೆಗಳನ್ನು ಒಡೆದು ತಿಪ್ಪೆಗೆ ಎಸೆದೆ. ಅತ್ತೆ ಬಂದಳು, ಉಳಿದದ್ದರಲ್ಲಿ ಒಂದನ್ನು ಅಂಗಳದ ನಡುವೆ ಒಯ್ದು, ಅಂಗೈ ಮೇಲೆ ಕೂಡಿಸಿ ತಟ್ಟಿದಳು. ಜರ್ ಇಲ್ಲ. ನನ್ನ ಕಪಾಳಕ್ಕೂ ಒಂದು ತಟ್ಟಿದಳು. “ಗಡಿಗಿ ದನಿ ಕೇಳಿಲ್ಲ ನೀ, ತಗಡಿನ ದನಿ ಕೇಳೀದಿ.”

“ಅದಕ್ಕ ಕೇಳಿದೆ ಬಾಯಾರ. ಸುತ್ತ ಗೋಡಿ ಏನರ ಇದ್ವೇನಂತ.”

ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಕೈಯಲ್ಲಿದ್ದ ಹಾಳೆಗಳನ್ನು ಮೇಜಿನ ಮೇಲಿಟ್ಟು, ಅಂಚು ಸರಿಮಾಡಿದರು.

“ಐತಿ,” ಎಂದರು. “ಗೋಡಿ ಐತಿ.”

ಕಂಪ್ಯೂಟರಿನಲ್ಲಿ ಕೊನೆಯಿಲ್ಲದ ಆಕಾಶ ಹಿಡಿಸುವುದಿಲ್ಲ. ಎಲ್ಲೋ ಒಂದು ಕಡೆ ಲೆಕ್ಕ ನಿಲ್ಲಬೇಕು. ನಿಲ್ಲುವ ಕಡೆ ಒಂದು ಗೋಡೆ ಇದ್ದಂತೆ. ಅದಕ್ಕೆ ಬಾಗಿಲು ಇಟ್ಟು, ಹೊರಟ ಅಲೆ ದಾಟಿ ಹೋಗಲಿ ಎಂದು ಏರ್ಪಾಡು ಮಾಡಿರುತ್ತಾರೆ. ಬಾಗಿಲು ಸ್ವಲ್ಪ ಬಿಗಿಯಾದರೂ ಅಲೆಯ ಒಂದಿಷ್ಟು ಭಾಗ ಬಡಿದು ಮರಳಿ ಬರುತ್ತದೆ. ಗೋಡೆ ಬಹಳ ದೂರವಿದ್ದರೆ ಮರಳಿ ಬರುವುದರೊಳಗೆ ಲೆಕ್ಕ ಮುಗಿದಿರುತ್ತದೆ, ಕಾಣುವುದಿಲ್ಲ. ಬಾಯಾರ ಗೋಡೆ ಮೊದಲು ದೂರವಿತ್ತು. ಸಂಜೆ ಐದರೊಳಗೆ ಲೆಕ್ಕ ಮುಗಿಯಬೇಕೆಂದು ಹಿಂದಿನ ವರ್ಷ ಅದನ್ನು ಹತ್ತಿರಕ್ಕೆ ಎಳೆದುಕೊಂಡಿದ್ದರು. ಅದೇ ತಿಂಗಳು ಇನ್ನೂ ಏನೇನೋ ಬದಲಿಸಿದ್ದರಿಂದ ಇದೊಂದು ಮರೆತಿತ್ತು.

ಇದನ್ನು ಅವರು ಸಿಟ್ಟಿಲ್ಲದೆ ಹೇಳಿದರು. ಗೋಡೆಯನ್ನು ಎಳೆದು ತಂದದ್ದು ಯಾರ ಕೈ ಎಂದು ನನಗೆ ತಿಳಿಯಲು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ತಿಳಿಯೂದು ಹ್ಯಾಂಗ್ರಿ, ಗೋಡೀದೋ ಕುಳೀದೋ?”

“ಗೋಡಿ ಎರಡ ಪಟ್ಟು ದೂರ ಸರಸ್ತೇನಿ. ಎರಡನೇ ದನಿ ಮೊದಲಿನ ಹೊತ್ತಿಗೇ ಬಂದ್ರ ಕುಳೀದು. ಎರಡ ಪಟ್ಟು ತಡಾ ಮಾಡಿ ಬಂದ್ರ ಗೋಡೀದು. ನಾಕ ದಿನ ಓಡಬೇಕು.”

“ಓಡ್ಲಿ. ಮೇನ್ ಇಳಸೂದಿಲ್ಲ.”

“ಸಹಿ?”

“ಸಹಿ ಗಿಹಿ ಬ್ಯಾಡ. ಹಚ್ರಿ.”

ಗುರುವಾರ ಹನ್ನೊಂದಕ್ಕೆ ಹಚ್ಚಿದರು. ಆ ಶನಿವಾರ ಅವರು ಸವಣೂರಿಗೆ ಹೋಗಲಿಲ್ಲ. ಭಾನುವಾರ ನಾನು ಹಗಲೆಲ್ಲ ಲ್ಯಾಬಿನ ಬಾಗಿಲಲ್ಲಿ ಶೇಂಗಾ ಸುಲಿಯುತ್ತ ಕೂತೆ. ಅವರು ಒಳಗೆ ಕೂತರು. ಕರೆಂಟು ಎರಡು ಸಲ ಹೋಯಿತು, ಯುಪಿಎಸ್ ಹಿಡಿಯಿತು. ಸೋಮವಾರ ಮಧ್ಯಾಹ್ನ ಲೆಕ್ಕ ಮುಗಿಯಿತು. ಹೊಸ ಚಿತ್ರವನ್ನು ಹಳೆಯದರ ಪಕ್ಕ ಇಟ್ಟರು. ಮೊದಲ ದನಿ ಎರಡರಲ್ಲೂ ಒಂದೇ, ಕೂದಲೆಳೆಯ ವ್ಯತ್ಯಾಸವಿಲ್ಲ. ಎರಡನೆಯದು ಹಳೆಯ ಜಾಗದಲ್ಲಿ ಇರಲಿಲ್ಲ. ಬೆರಳಿಟ್ಟು ಅಳೆದರು. ಎರಡು ಪಟ್ಟು ದೂರದಲ್ಲಿ ಎದ್ದಿತ್ತು.

“ತಗಡು,” ಎಂದರು.

ಗೈಡಿಗೆ ಫೋನ್ ಹಚ್ಚಿದರು. ಫೋನನ್ನು ಮೇಜಿನ ಮೇಲಿಟ್ಟು ನನ್ನೆದುರೇ ಸ್ಪೀಕರ್ ಮೇಲೆ ಮಾತಾಡಿದರು. ಅತ್ತ ಕಡೆಯಿಂದ ಗೈಡ್ ಹೇಳಿದರು. “ಗಿರಿಜಾ, ನೀವು ಮೊದಲ ಒಪ್ಪಿಸಿಬಿಡ್ರಿ. ವೈವಾ ಮುಗೀಲಿ, ಡಿಗ್ರಿ ಬರ್ಲಿ. ಆಮ್ಯಾಲೆ ತಿದ್ದಿಕೊಂಡ್ರಾತು. ಗೋಡಿ ಸರಿಸಿ ಯಾರ ನೋಡ್ತಾರ?”

ಫೋನ್ ಇಟ್ಟ ಮೇಲೆ ಬಾಯಾರು ನನ್ನ ಕಡೆ ತಿರುಗಿದರು. “ನೀವು ಏನಂತೀರಿ?”

ನನ್ನನ್ನು ಯಾಕೆ ಕೇಳಿದರೋ. ಬಹುಶಃ ಸುಮ್ಮನೆ ಒಪ್ಪಿಸಿರಿ ಎಂದು ಯಾರಾದರೂ ಇನ್ನೊಬ್ಬರು ಹೇಳಲಿ ಎಂದಿರಬೇಕು. ಆ ಎರಡು ಅಧ್ಯಾಯ ತೆಗೆದರೆ ಉಳಿಯುವುದು ಏನೂ ಸಾಲದು, ಹೊಸದಾಗಿ ಮಾಡಲು ಐದು ವಾರ ಸಾಲದು ಎಂಬುದು ಇಬ್ಬರಿಗೂ ಗೊತ್ತಿತ್ತು.

“ಸೀಳಿದ ಗಡಿಗಿ ನಾನೂ ಮಾರೇನಿ ಬಾಯಾರ, ಇಲ್ಲ ಅನ್ನಂಗಿಲ್ಲ,” ಎಂದೆ. “ಗೊತ್ತಿಲ್ಲದ ಮಾರಿದ್ದು ಮರ್ತ ಹೋಗೇತಿ. ಗೊತ್ತಿದ್ದ ಒಂದು ಮಾರೇನಿ. ಕೊಂಡಾಕಿ ಮುಖ ಇನ್ನೂ ಕಣ್ಣ ಮುಂದ ಐತಿ.”

“ಅಷ್ಟನ?”

“ಅಷ್ಟ.”

ಅವರು ಪ್ರಬಂಧ ಒಪ್ಪಿಸಲಿಲ್ಲ. ಗಡುವು ಇನ್ನೊಮ್ಮೆ ಕೊಡಿ ಎಂದು ಅರ್ಜಿ ಬರೆದರು. ಕಾರಣ ಎಂಬಲ್ಲಿ ಲೆಕ್ಕದಲ್ಲಿ ದೋಷ ಕಂಡುಬಂದಿದೆ ಎಂದು ಇದ್ದದ್ದನ್ನು ಇದ್ದಂತೆ ಬರೆದರು. ಗೈಡ್ ಅದಕ್ಕೆ ಸಹಿ ಮಾಡಲಿಲ್ಲ. ತಮ್ಮ ಹೆಸರಿನಲ್ಲೂ ಅದೇ ಎರಡನೆಯ ದನಿಯ ಲೇಖನ ಒಂದು ಸಂಶೋಧನಾ ಪತ್ರಿಕೆಗೆ ಆಗಲೇ ಹೋಗಿತ್ತಂತೆ, ಅದನ್ನು ವಾಪಸು ತೆಗೆದುಕೊಳ್ಳಬೇಕಾದ ಸಿಟ್ಟು. ಜೂನ್ ಮುಗಿಯಿತು, ಯೂನಿವರ್ಸಿಟಿಯಲ್ಲಿ ಅವರ ಹೆಸರು ರದ್ದಾಯಿತು. ಹೊಸ ವರ್ಷದ ಅತಿಥಿ ಉಪನ್ಯಾಸಕರ ಪಟ್ಟಿಯಲ್ಲಿ ಗಿರಿಜಾ ಬಾಯಾರ ಹೆಸರಿರಲಿಲ್ಲ. ಅವರ ಜಾಗಕ್ಕೆ ಬಂದವನಿಗೆ ಪಿಎಚ್‌ಡಿ ಇತ್ತು. ಒಳ್ಳೆಯ ಹುಡುಗ, ಪಾಠ ಮಾಡುವಾಗ ಪುಸ್ತಕದಿಂದ ಕಣ್ಣೆತ್ತುತ್ತಿರಲಿಲ್ಲ.

ಮೇನ್ ಇಳಿಸದೆ ಬಿಟ್ಟದ್ದಕ್ಕೆ ನನಗೂ ಒಂದು ಮೆಮೊ ಬಂತು. ವಯಸ್ಸಾಗಿದೆ, ಮರೆವು ಎಂದು ಉತ್ತರ ಬರೆಸಿ ಕೊಟ್ಟೆ. ಪ್ರಾಂಶುಪಾಲರು, “ಮುಂದ ಹಿಂಗ ಆಗಬಾರದು ನೋಡವಾ,” ಎಂದರು. ಅಲ್ಲಿಗೆ ಮುಗಿಯಿತು. ಮುಂದಿನ ವರ್ಷ ಶಾಲು ಹೊದಿಸಿ ನಿವೃತ್ತಿ ಮಾಡಿದರು.

ನಿವೃತ್ತಿಯಾದ ಮೇಲೆ ಒಮ್ಮೆ ಸವಣೂರಿಗೆ ಹೋದೆ. ಅವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹೊರಗಿನ ಕೋಣೆಯಲ್ಲಿ ಹತ್ತನೇ ಇಯತ್ತೆಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರು. ಗಣಿತ, ವಿಜ್ಞಾನ. ಮಕ್ಕಳು ಹೋಗುವವರೆಗೆ ಕಟ್ಟೆಯ ಮೇಲೆ ಕೂತೆ. ಅವರ ಕೂದಲು ಹಣ್ಣಾಗಿತ್ತು. ಚಹಾ ಮಾಡಿ ಕೊಟ್ಟರು, ತಾವು ಕುಡಿಯಲಿಲ್ಲ.

“ಕುಳಿ ಲೆಕ್ಕ ಈಗೇನರ ಮಾಡ್ತೀರೇನ್ರಿ?” ಎಂದು ಕೇಳಿದೆ.

“ಇಲ್ಲ.”

ನಾನು ಚಹಾ ಮುಗಿಸಿದೆ. ಆಮೇಲೆ ಅವರೇ ಹೇಳಿದರು. “ನೀಲವ್ವ, ಆವತ್ತ ನೀವು ಗೋಡಿ ಮಾತ ಎತ್ತದಿದ್ರ ನಾ ಪಾಸ ಆಗ್ತಿದ್ದೆ. ಯಾರೂ ಕೇಳ್ತಿದ್ದಿಲ್ಲ. ನನಗೂ ಗೊತ್ತಾಗ್ತಿದ್ದಿಲ್ಲ.”

“ಹೌದ್ರಿ.”

“ನೀವು ಹೇಳಿದ್ದು ಖರೇನ ಇತ್ತು.”

“ಹೌದ್ರಿ.”

“ಇನ್ನ ಮ್ಯಾಲೆ ಬರಬ್ಯಾಡ್ರಿ. ನಿಮ್ಮನ್ನ ನೋಡಿದ್ರ ನನಗ ಸಿಟ್ಟ ಬರತೈತಿ. ಆ ಸಿಟ್ಟು ತಪ್ಪು ಅಂತನೂ ಗೊತ್ತೈತಿ. ಎರಡೂ ಕೂಡಿ ಬಾಳ ತ್ರಾಸ ಆಗತೈತಿ.”

ನಾನು ಬಟ್ಟಲು ತೊಳೆದಿಟ್ಟು ಬಸ್ ಸ್ಟ್ಯಾಂಡಿಗೆ ನಡೆದೆ. ಮತ್ತೆ ಹೋಗಿಲ್ಲ.

ನೌಕರಿ ನನಗೆ ಕಲಿಸಿದ್ದು ಏನು ಎಂದರೆ, ಖರೆ ಮಾತು ಹೇಳಬೇಕು ಎಂದಲ್ಲ. ಅದನ್ನು ಅತ್ತೆಯೇ ಕಲಿಸಿದ್ದಳು. ಕಲಿತದ್ದು ಬೇರೆ. ನನ್ನದು ಕಾಯಂ ನೌಕರಿ. ಹೇಳಿದರೂ ನನ್ನ ಅನ್ನ ಹೋಗುತ್ತಿರಲಿಲ್ಲ, ಹೇಳದಿದ್ದರೂ ಹೋಗುತ್ತಿರಲಿಲ್ಲ. ಸ್ವಿಚ್ ಇಳಿಸುವಾಗ ನಿಯಮ ನನ್ನ ಬೆನ್ನಿಗಿತ್ತು, ಗೋಡೆಯ ಮಾತು ಎತ್ತುವಾಗ ಖರೆ ನನ್ನ ಬೆನ್ನಿಗಿತ್ತು. ಎರಡು ಸಲವೂ ನಾನು ಸರಿ, ಎರಡು ಸಲವೂ ತೆತ್ತವರು ಅವರು. ಅಂಥ ಜಾಗದಲ್ಲಿ ಕೂತವರು ಖರೆ ಹೇಳುವುದು ದೊಡ್ಡ ಕೆಲಸವಲ್ಲ. ಅದನ್ನು ಕೇಳಿಸಿಕೊಂಡು ಅರ್ಜಿಯ ಕಾರಣದ ಜಾಗದಲ್ಲಿ ಬರೆದವರು ಮಾಡಿದ್ದು ಕೆಲಸ. ಕಾಲೇಜಿನಲ್ಲಿ ನನಗೆ ಶಾಲು ಹೊದಿಸಿದ ದಿನ ಪ್ರಾಮಾಣಿಕ ನೌಕರರು ಎಂದು ಭಾಷಣ ಮಾಡಿದರು. ಗಿರಿಜಾ ಬಾಯಾರ ಹೆಸರನ್ನು ಆ ಸಭೆಯಲ್ಲಿ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.